ಗೋಕಾಕ ಫಾಲ್ಸಿನ ಕರೆಂಟು, ಪೈಪಿನ ಬಾಯಿ ಮತ್ತು ಒಂದು ಚೂರು ಹತ್ತಿ

ಹೋದ ಸಲ ಮಳೆಗಾಲದಲ್ಲಿ ಊರಿಗೆ ಹೋದಾಗ ಗೋಕಾಕ ಫಾಲ್ಸ್‌ಗೆ ಹೋಗಿದ್ದೆ. ಘಟಪ್ರಭೆ ಕೆಂಪಗೆ ಉಕ್ಕಿ ಹರಿಯುತ್ತಿದ್ದಳು. ಮುಖಕ್ಕೆಲ್ಲ ನೀರಿನ ತುಂತುರು. ಪಕ್ಕದಲ್ಲಿ ನಿಂತಿದ್ದ ಕಾಲೇಜು ಹುಡುಗನೊಬ್ಬ ಗೆಳೆಯನಿಗೆ ಹೇಳುತ್ತಿದ್ದ: "ಇಡೀ ಇಂಡಿಯಾದಾಗ ಮೊದಲ ಕರೆಂಟ್ ತಯಾರಾದದ್ದು ಇಲ್ಲೇ ನೋಡಲೇ, 1887ರಾಗ."

ನನಗೆ ಒಳಗೊಳಗೇ ನಗು ಬಂತು. ಯಾಕೆಂದರೆ ಈ ಮಾತನ್ನು ಹುಟ್ಟಿದಾಗಿನಿಂದ ಕೇಳಿದ್ದೇನೆ. ಬೇರೆ ಊರಿನವರಿಗೆ ಗೋಕಾಕ ಅಂದರೆ ಕರದಂಟು, ಇಲ್ಲವೇ ಗೋಕಾಕ ಚಳವಳಿ. (ಚಳವಳಿಗೆ ಆ ಹೆಸರು ಬಂದದ್ದು ವಿ.ಕೃ. ಗೋಕಾಕರ ವರದಿಯಿಂದ, ನಮ್ಮ ಊರಿನಿಂದಲ್ಲ ಅಂತ ಎಷ್ಟು ಜನಕ್ಕೆ ಬಿಡಿಸಿ ಹೇಳಿದ್ದೇನೋ ಲೆಕ್ಕವಿಲ್ಲ!) ನಮಗೆ ಮಾತ್ರ ಗೋಕಾಕ ಅಂದರೆ 171 ಅಡಿ ಎತ್ತರದಿಂದ ಬೀಳುವ ನೀರು, ಅದರ ಪಕ್ಕದ ನೂಲಿನ ಗಿರಣಿ, ಮತ್ತು "ಮೊದಲ ಕರೆಂಟು".

ಆ "ಮೊದಲ" ಅನ್ನುವುದರ ಬಗ್ಗೆ ಜಗಳ ಇದ್ದೇ ಇದೆ. ಗೋಕಾಕ ವಾಟರ್ ಪವರ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ ಶುರುವಾದದ್ದು 1885ರಲ್ಲಿ. ಹೆಸರಿನಲ್ಲೇ ನೀರಿನ ಶಕ್ತಿ ಮುಂದೆ, ಗಿರಣಿ ಆಮೇಲೆ. ನಮ್ಮವರು 1887 ಅಂತಾರೆ. ಜಲವಿದ್ಯುತ್ ಇತಿಹಾಸ ಬರೆಯುವವರು ಸಾಮಾನ್ಯವಾಗಿ ಡಾರ್ಜಿಲಿಂಗಿನ ಸಿದ್ರಾಪೋಂಗ್ ಅಂತಾರೆ, 1897. ಮೈಸೂರು ಕಡೆಯವರು ಬಿಡ್ತಾರಾ? ಅವರು 1902ರ ಶಿವನಸಮುದ್ರ, ಕೋಲಾರದ ಚಿನ್ನದ ಗಣಿಗೆ ಹೋದ ಉದ್ದದ ಲೈನು, 1905ರಲ್ಲಿ ಬೆಂಗಳೂರಿನ ಬೀದಿಗೆ ಬಂದ ದೀಪ, ಇದನ್ನೆಲ್ಲ ಹೇಳ್ತಾರೆ. ಊರಿನ ಬಳಕೆಗೆ ಕೊಟ್ಟ ಕರೆಂಟೇ ಲೆಕ್ಕವೋ, ಗಿರಣಿ ತನ್ನ ಕೆಲಸಕ್ಕೆ ಮಾಡಿಕೊಂಡದ್ದೂ ಲೆಕ್ಕವೋ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಈ ಜಗಳಕ್ಕೆ ನಾನು ಇವತ್ತು ಬೀಳೋದಿಲ್ಲ.

ನನಗೆ ಬೇರೆಯೇ ಒಂದು ಕುತೂಹಲ. ಕರೆಂಟು ತಯಾರಾಯಿತು, ಸರಿ. ಅದನ್ನು ಹತ್ತಿ ಹಾರಾಡುವ ಗಿರಣಿಯೊಳಗೆ ಸುಡದ ಹಾಗೆ ಒಯ್ದದ್ದು ಹೇಗೆ? ಟರ್ಬೈನಿನ ಕಥೆ ಎಲ್ಲರೂ ಹೇಳ್ತಾರೆ. ಗೋಡೆಯ ಮೇಲಿನ ಪೈಪಿನ ಕಥೆ ಯಾರೂ ಹೇಳೋದಿಲ್ಲ. ನನಗೆ ಅದು ಸ್ವಲ್ಪ ಗೊತ್ತು. ಗೊತ್ತಾದದ್ದು ನಮ್ಮ ಕಾಕಾನಿಂದ, ಮತ್ತು ನಾನೇ ಮಾಡಿದ ಒಂದು ತಪ್ಪಿನಿಂದ.

ಮೊದಲು ಇತಿಹಾಸ ಹೇಳಿಬಿಡ್ತೀನಿ.

ವಿದ್ಯುತ್ ದೀಪಕ್ಕೆ ಮೊದಮೊದಲು ಮುಗಿಬಿದ್ದವರಲ್ಲಿ ಬಟ್ಟೆ ಗಿರಣಿಯವರೂ ಇದ್ದರು. ಕಾರಣ ಸರಳ. ಹತ್ತಿಯ ಧೂಳು ತುಂಬಿದ ಕೋಣೆಯಲ್ಲಿ ಗ್ಯಾಸ್ ದೀಪದ ಬಯಲು ಜ್ವಾಲೆ ಅಂದರೆ ಯಾರಿಗಾದರೂ ಭಯ. ಗಾಜಿನ ಬುರುಡೆಯೊಳಗಿನ ದೀಪ ಬಂದಾಗ, ಅಬ್ಬಾ ಇನ್ನು ಬೆಂಕಿಯ ಚಿಂತೆ ಇಲ್ಲ ಅಂದುಕೊಂಡರು. ಆದದ್ದೇ ಬೇರೆ. ಅಮೆರಿಕದ ನ್ಯೂ ಇಂಗ್ಲೆಂಡಿನಲ್ಲಿ 1880ರ ದಶಕದ ಶುರುವಿನಲ್ಲಿ ವಿಮೆ ಕಂಪನಿಗಳು ಲೆಕ್ಕ ತೆಗೆದಾಗ, ವಿದ್ಯುತ್ ದೀಪ ಹಾಕಿಸಿಕೊಂಡ 65 ಬಟ್ಟೆ ಗಿರಣಿಗಳಲ್ಲಿ ಆರು ತಿಂಗಳೊಳಗೆ 23 ಸಲ ವೈರಿಂಗಿನಿಂದ ಬೆಂಕಿ ಹತ್ತಿತ್ತು. ದೀಪ ಸುರಕ್ಷಿತ, ದೀಪಕ್ಕೆ ಹೋಗುವ ತಂತಿ ಅಪಾಯ! ತಂತಿಗೆ ಸುತ್ತಿದ್ದು ಹೆಚ್ಚಾಗಿ ನೂಲು ಮತ್ತು ಬಣ್ಣ. ಹೊಡೆದದ್ದು ಮರಕ್ಕೆ.

1882ರಲ್ಲಿ ಲಂಡನ್ನಿನ ಫೀನಿಕ್ಸ್ ಫೈರ್ ಆಫೀಸ್ ಅನ್ನುವ ವಿಮೆ ಸಂಸ್ಥೆಯ ಮಸ್‌ಗ್ರೇವ್ ಹೀಫಿ ವೈರಿಂಗಿಗೆ ನಿಯಮಗಳನ್ನು ಬರೆದ. ಅದೇ ವರ್ಷ ಅಲ್ಲಿನ ಟೆಲಿಗ್ರಾಫ್ ಇಂಜಿನಿಯರುಗಳ ಸೊಸೈಟಿ ಕೂಡ ಬೆಂಕಿ ತಡೆಯುವ ನಿಯಮಾವಳಿ ಹೊರಡಿಸಿತು. ಇಂದಿಗೂ ಬ್ರಿಟನ್ನಿನಲ್ಲಿ ನಡೆಯುವ ವೈರಿಂಗ್ ನಿಯಮಗಳ ಮುತ್ತಜ್ಜ ಅದೇ. ಅಂದರೆ ಗೋಕಾಕಿನಲ್ಲಿ ಗಿರಣಿಯ ಪಾಯ ತೋಡುವ ಹೊತ್ತಿಗೆ, ತಂತಿಯನ್ನು ಸುಮ್ಮನೆ ಗೋಡೆಗೆ ಹೊಡೆಯಬಾರದು ಅನ್ನುವಷ್ಟು ಬುದ್ಧಿ ಜಗತ್ತಿಗೆ ಬಂದಿತ್ತು.

ಹಾಗಾದರೆ ತಂತಿಯನ್ನು ಎಲ್ಲಿಡಬೇಕು? ನಮ್ಮ ದೇಶದಲ್ಲಿ ತುಂಬಾ ಕಾಲ ನಡೆದ ಉತ್ತರ ಮರದ ಪಟ್ಟಿ. ಕೇಸಿಂಗ್-ಕ್ಯಾಪಿಂಗ್ ಅಂತಾರೆ. ತೇಗದ ಪಟ್ಟಿಯಲ್ಲಿ ಎರಡು ಗಾಡಿ ಕೊರೆದು, ಒಂದರಲ್ಲಿ ಒಂದು ತಂತಿ ಇನ್ನೊಂದರಲ್ಲಿ ಇನ್ನೊಂದು, ಮೇಲೆ ಮುಚ್ಚಳ, ಸ್ಕ್ರೂ. ಹಳೇ ಸರ್ಕಾರಿ ಬಂಗಲೆಗಳಲ್ಲಿ ನೀವೂ ನೋಡಿರಬಹುದು. ನೋಡಲು ಬಲು ಚೆಂದ. ಆದರೆ ಗೋಡೆಯ ಥಂಡಿ, ಗೆದ್ದಲು, ಕೊನೆಗೆ ಅದೂ ಮರವೇ.

ಇನ್ನೊಂದು ಉತ್ತರ ಕೊಳವೆ. ಅಮೆರಿಕದಲ್ಲಿ ಎಡಿಸನ್ನನ ಜೊತೆಗಾರ ಎಡ್ವರ್ಡ್ ಜಾನ್ಸನ್‌ನ ಕಂಪನಿ ಡಾಂಬರಿನಲ್ಲಿ ಅದ್ದಿದ ಕಾಗದದ ಕೊಳವೆ ಮಾಡಿತು. ಹೌದು, ಕಾಗದ! ಜರ್ಮನಿಯ ಬರ್ಗ್‌ಮನ್ ಕಂಪನಿ ಕಾಗದದ ಕೊಳವೆಯ ಮೇಲೆ ತೆಳು ತಗಡು ಸುತ್ತಿತು. ಆಮೇಲೆ ಹೊರಗೆ ಕಬ್ಬಿಣ, ಒಳಗೆ ಕಾಗದದ ಅಸ್ತರಿ ಇರುವ ಕೊಳವೆ ಬಂತು. ಕೊನೆಗೆ ಅಸ್ತರಿಯೂ ಹೋಗಿ ಬರೀ ಕಬ್ಬಿಣ ಉಳಿಯಿತು, ಗ್ಯಾಸ್ ಪೈಪಿನ ತಮ್ಮನ ಹಾಗೆ. ಅದೇ ನಾವು ಇವತ್ತಿಗೂ ಕಂಡ್ಯೂಟ್ ಪೈಪ್ ಅನ್ನುವುದು. ಕಪ್ಪು ಇನಾಮೆಲ್ ಬಣ್ಣದ್ದು, ಇಲ್ಲವೇ ಸತುವು ಬಳಿದ ಜಿ.ಐ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಒಳಗೆ ಕಾಗದದ ಅಸ್ತರಿ ಇದ್ದಾಗ ತಂತಿಗೂ ಕಬ್ಬಿಣಕ್ಕೂ ನಡುವೆ ಒಂದು ಪರದೆ ಇತ್ತು. ಅದನ್ನು ತೆಗೆದ ಮೇಲೆ ಕಬ್ಬಿಣದ ಬಾಯಿ ನೇರವಾಗಿ ತಂತಿಯ ಮೈಗೆ ತಾಗುತ್ತದೆ. ಪೈಪನ್ನು ಗರಗಸದಿಂದ ಕೊಯ್ದಾಗ ಆ ಬಾಯಿಯ ಸುತ್ತ, ಒಳಗೂ ಹೊರಗೂ, ಕೂದಲಿನಷ್ಟು ಸಣ್ಣ ಚೂಪು ಅಂಚು ಏಳುತ್ತದೆ. ವರ್ಕ್‌ಶಾಪಿನವರು ಅದಕ್ಕೆ ಬರ್ ಅಂತಾರೆ. ನಮ್ಮ ಕಾಕಾ "ಹಲ್ಲು" ಅನ್ನುತ್ತಿದ್ದರು. "ಪೈಪಿಗೆ ಹಲ್ಲು ಬಂದಾವು, ಕಿತ್ತು ಹಾಕು." ತಂತಿಯನ್ನು ಬೆಂಕಿಯಿಂದ, ಇಲಿಯಿಂದ, ಮೊಳೆಯಿಂದ ಕಾಪಾಡಲಿ ಅಂತ ತಂದ ಪೈಪು ತಾನೇ ತಂತಿಯನ್ನು ಕಚ್ಚುತ್ತದೆ. ಆ ಹಲ್ಲು ಕೀಳುವ ಕೆಲಸ ಕಾರ್ಖಾನೆಯದ್ದಲ್ಲ, ಸ್ಥಳದಲ್ಲಿ ನಿಂತು ಪೈಪು ಕೊಯ್ಯುವವನದ್ದು. ಇಡೀ ಏರ್ಪಾಡು ಅವನ ಕೈಯ ಮೇಲೆ ನಿಂತಿದೆ.

ಕಾಕಾ ವಾಯರ್‌ಮನ್ ಪರ್ಮಿಟ್ ಇದ್ದವರು. ಗೋಕಾಕ, ಕೊಣ್ಣೂರ, ಘಟಪ್ರಭಾ, ಹುಕ್ಕೇರಿ ಸುತ್ತ ಕೆಲಸ ಮಾಡುತ್ತಿದ್ದರು. ಅವರಿಗೆ ಕೆಲಸ ಕಲಿಸಿದ್ದು ನೂಲಿನ ಗಿರಣಿಗಳಲ್ಲಿ ಪಳಗಿದ ಒಬ್ಬ ಹಿರಿಯ ಮೇಸ್ತ್ರಿ. ನಾನು ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದು ಮನೇಲಿ ಬಿದ್ದುಕೊಂಡಿದ್ದೆ. 1991ರ ಬೇಸಿಗೆ. "ಸುಮ್ಮನ ಕುಂತು ಏನ ಮಾಡ್ತಿ, ನನ್ನ ಜೋಡಿ ಬಾ" ಅಂತ ಕರೆದುಕೊಂಡು ಹೋದರು. ದಿನಕ್ಕೆ ಒಂದು ಊಟ, ಎರಡು ಚಹಾ, ಒಂದು ಮಿರ್ಚಿ ಬಜಿ ಪ್ಲೇಟು. ಸಂಬಳದ ಮಾತಿಲ್ಲ :-)

ಮೊದಲ ಎರಡು ದಿನ ಬರೀ ಹ್ಯಾಕ್ಸಾ ಬ್ಲೇಡಿನ ಪಾಠ. ಕೈಗೆ ಸಿಕ್ಕಿದ ಬ್ಲೇಡು ಹಾಕಿದ್ದಕ್ಕೆ ಕಾಕಾ ಕಿತ್ತುಕೊಂಡರು. ಅದು ಇಂಚಿಗೆ 14 ಹಲ್ಲಿನದು. ಒಂದು ಹಲ್ಲಿಂದ ಇನ್ನೊಂದಕ್ಕೆ 1.8 ಮಿ.ಮೀ. ಪೈಪಿನ ಗೋಡೆ 16 ಗೇಜ್, ಅಂದರೆ 1.6 ಮಿ.ಮೀ. ಗೋಡೆಯೇ ಎರಡು ಹಲ್ಲಿನ ಸಂದಿನಲ್ಲಿ ಬಿದ್ದು ಸಿಕ್ಕಿಹಾಕಿಕೊಳ್ಳುತ್ತದೆ. ನೀವು ಜೋರಾಗಿ ತಳ್ಳುತ್ತೀರಿ, ಹಲ್ಲು ಮುರಿಯುತ್ತದೆ ಇಲ್ಲವೇ ಬ್ಲೇಡು ತುಂಡಾಗಿ ನಿಮ್ಮ ಗೆಣ್ಣು ಪೈಪಿಗೆ ಬಡಿಯುತ್ತದೆ. 32 ಹಲ್ಲಿನ ಬ್ಲೇಡಾದರೆ ಎರಡು ಹಲ್ಲು ಯಾವಾಗಲೂ ಗೋಡೆಯ ಮೇಲಿರುತ್ತವೆ. ನಿಧಾನ, ಆದರೆ ನುಣುಪು. ಬರ್ ಕೂಡ ಕಡಿಮೆ. ಈ ಲೆಕ್ಕವನ್ನು ಕಾಕಾ ಹೀಗೆ ಮಿಲಿಮೀಟರಿನಲ್ಲಿ ಹೇಳಲಿಲ್ಲ, "ಸಣ್ಣ ಪೈಪಿಗೆ ಸಣ್ಣ ಹಲ್ಲು" ಅಂದರು ಅಷ್ಟೇ. ಲೆಕ್ಕ ನಾನು ಆಮೇಲೆ ಹಾಕಿ ನೋಡಿದ್ದು.

ಬ್ಲೇಡಿನ ಹಲ್ಲು ಮುಂದಕ್ಕೆ ನೋಡಬೇಕು, ಒತ್ತುವುದು ಮುಂದೆ ತಳ್ಳುವಾಗ ಮಾತ್ರ. ಪೈಪನ್ನು ವೈಸಿನಲ್ಲಿ ಕೊಯ್ಯುವ ಜಾಗದ ಹತ್ತಿರವೇ ಹಿಡಿಸಬೇಕು, ದೂರ ಹಿಡಿಸಿದರೆ ಕುಣಿಯುತ್ತದೆ. ಸುತ್ತ ನೆಟ್ಟಗೆ ಗುರುತು ಬೇಕಿದ್ದರೆ ಒಂದು ಕಾಗದದ ಪಟ್ಟಿ ಸುತ್ತಿ ಅಂಚಿಗೆ ಅಂಚು ಕೂಡಿಸಿ ಗೀಟು ಹಾಕು. ಕೊನೆಯ ನಾಲ್ಕೈದು ಎಳೆತ ಹಗುರ, ಇನ್ನೊಂದು ಕೈ ತುಂಡಿನ ಕೆಳಗೆ. ಇಲ್ಲದಿದ್ದರೆ ತುಂಡು ಕಾಲ ಮೇಲೆ ಬೀಳುತ್ತದೆ, ಕೊಯ್ಯದೆ ಉಳಿದ ಗೋಡೆ ಹರಿದು ದೊಡ್ಡ ಹಲ್ಲು ಏಳುತ್ತದೆ. ಕಬ್ಬಿಣದ ಪುಡಿಯನ್ನು ಕೈಯಿಂದ ಒರೆಸಬಾರದು, ಬಾಯಿಂದ ಊದಬಾರದು. ನಾನು ಊದಿದೆ. ಕಣ್ಣಿಗೆ ಹೋಯಿತು. ಡಾಕ್ಟರ ಹತ್ತಿರ ಹೋಗಿ ತೆಗೆಸಿಕೊಂಡು ಬಂದ ಮೇಲೆ ಮರುದಿನದಿಂದ ಕಾಕಾನ ಹಳೇ ವೆಲ್ಡಿಂಗ್ ಅಂಗಡಿಯ ಬಿಳಿ ಕನ್ನಡಕ ನನ್ನ ಮೂಗಿನ ಮೇಲೆ.

ಚಕ್ರದ ಪೈಪ್ ಕಟ್ಟರ್ ಇತ್ತಲ್ಲ, ನಲ್ಲಿ ಕೆಲಸದವರು ಪೈಪಿನ ಸುತ್ತ ತಿರುಗಿಸ್ತಾರಲ್ಲ, ಅದನ್ನು ಕಾಕಾ ಮುಟ್ಟುತ್ತಿರಲಿಲ್ಲ. ಹೊರಗಿನಿಂದ ನೋಡಿದರೆ ಅದರ ಕೊಯ್ತ ಕನ್ನಡಿ ಹಾಗೆ. ಆದರೆ ಅದು ಲೋಹವನ್ನು ಕೆತ್ತುವುದಿಲ್ಲ, ಒಳಕ್ಕೆ ಒತ್ತುತ್ತದೆ. ಪೈಪಿನ ಒಳಬಾಯಲ್ಲಿ ಪೂರ್ತಿ ಒಂದು ತುಟಿ ಏಳುತ್ತದೆ. ನೀರಿನ ಪೈಪಿಗೆ ಅದು ಅಷ್ಟು ದೊಡ್ಡ ವಿಷಯವಲ್ಲ, ತಂತಿಯ ಪೈಪಿಗೆ ಅದು ಬ್ಲೇಡೇ.

ಕಿಡಿ ಹಾರಿಸುವ ಗ್ರೈಂಡರ್ ಬಗ್ಗೆಯೂ ಅವರಿಗೆ ಸಿಟ್ಟು. ಇದು ಅವರ ಮೇಸ್ತ್ರಿಯಿಂದ ಬಂದದ್ದು. ಹತ್ತಿಯ ನವಿರು ತೊಲೆಯ ಮೇಲೆ, ದೀಪದ ಮೇಲೆ, ಪೈಪಿನ ಮೇಲೆ ಕೂತಿರುವ ಗಿರಣಿಯಲ್ಲಿ ಒಂದು ಕಿಡಿ ಸಾಕು. ಅಲ್ಲಿ ಕೊಯ್ಯುವುದಿದ್ದರೆ ಹೊರಗೆ ಅಂಗಳದಲ್ಲಿ, ಇಲ್ಲವೇ ಕೈ ಗರಗಸದಿಂದ. ಜಿ.ಐ. ಪೈಪಿನ ಸತುವು ಬಿಸಿಯಾದಾಗ ಏಳುವ ಹೊಗೆಯಿಂದ ರಾತ್ರಿ ಚಳಿಜ್ವರ ಬರುತ್ತದೆ ಅನ್ನುವುದೂ ಅವರಿಗೆ ಗೊತ್ತಿತ್ತು.

ಇನ್ನು ಹಲ್ಲು ಕೀಳುವುದು. ಹೊರಗೆ ಚಪ್ಪಟೆ ಫೈಲು. ಒಳಗೆ ರೀಮರ್, ಅದಿಲ್ಲದಿದ್ದರೆ ಗುಂಡು ಫೈಲು, ಸುತ್ತ ತಿರುಗಿಸುತ್ತ. ಆಮೇಲೆ ಡೈ ಹಾಕಿ ಥ್ರೆಡ್ ತೆಗೆಯಬೇಕು. ಥ್ರೆಡ್ ತೆಗೆದಾಗ ಬಾಯಿಗೆ ಮತ್ತೆ ಹೊಸ ಹಲ್ಲು ಏಳುತ್ತದೆ, ಹಾಗಾಗಿ ಒಳಗೆ ಮತ್ತೊಮ್ಮೆ ಫೈಲು. ಇದನ್ನೇ ಬಹಳ ಜನ ಮರೆಯುವುದು. ಕೊನೆಗೆ ಹಳೇ ಬಟ್ಟೆಯ ಚೂರನ್ನು ತಂತಿಗೆ ಕಟ್ಟಿ ಎಳೆದು ಪುಡಿ-ಎಣ್ಣೆ ಎಲ್ಲ ತೆಗೆದು, ಬಾಯಿಗೆ ಹಿತ್ತಾಳೆ ಬುಷ್ ತಿರುಗಿಸಬೇಕು.

ಸರಿಯಾಗಿದೆಯೋ ಇಲ್ಲವೋ ಅಂತ ನಾನು ಬೆರಳು ಹಾಕಿ ನೋಡಲು ಹೋದೆ. ಕಾಕಾ ಕೈ ಹಿಡಿದರು. "ಬೆರಳ ಹಾಕಬ್ಯಾಡೋ ತಮ್ಮಾ, ಹತ್ತಿ ಹಾಕು." ಅವರ ಚೀಲದಲ್ಲಿ ಯಾವಾಗಲೂ ಒಂದು ಮುಷ್ಟಿ ಹತ್ತಿ ಇರುತ್ತಿತ್ತು, ಗಿರಣಿಯವರು ವೇಸ್ಟ್ ಅನ್ನುತ್ತಾರಲ್ಲ ಅದು. ಒಂದು ಚೂರನ್ನು ಕಡ್ಡಿಗೆ ಸುತ್ತಿ ಪೈಪಿನ ಒಳಬಾಯಿಯ ಸುತ್ತ ಒಂದು ಸುತ್ತು ಆಡಿಸಿದರು. ಒಂದು ಕಡೆ ನಾಲ್ಕು ಎಳೆ ಸಿಕ್ಕಿ ಅಲ್ಲೇ ಉಳಿದವು. "ನೋಡ, ಅಲ್ಲೈತಿ." ಮತ್ತೆ ಫೈಲು. ಮತ್ತೆ ಹತ್ತಿ. ಒಂದೂ ಎಳೆ ಬಿಡದೆ ಹೊರಗೆ ಬಂದರೆ ಮಾತ್ರ ಪೈಪು ಪಾಸು.

ಪುಸ್ತಕದಲ್ಲೂ ನಿಯಮ ಇದೆ, ಇಲ್ಲ ಅಂತಲ್ಲ. ಅಮೆರಿಕದ ವಿದ್ಯುತ್ ಕೋಡ್ ಶುರುವಾದದ್ದು 1897ರಲ್ಲಿ. ಪೈಪಿನ ತುದಿಯ ಒರಟು ಅಂಚನ್ನು ತೆಗೆಯಲೇಬೇಕು ಅಂತ ಅದು ಇಂದಿಗೂ ಹೇಳುತ್ತದೆ. ನಮ್ಮಲ್ಲಿ 1910ರಲ್ಲಿ ವಿದ್ಯುತ್ ಕಾಯ್ದೆ, 1956ರಲ್ಲಿ ನಿಯಮಗಳು ಬಂದವು. ಉಕ್ಕಿನ ಕಂಡ್ಯೂಟಿಗೆ ಐ.ಎಸ್. 9537 ಅನ್ನುವ ಮಾನಕ ಇದೆ. ಕೇಂದ್ರ ಲೋಕೋಪಯೋಗಿ ಇಲಾಖೆಯ ನಿರ್ದೇಶನದಲ್ಲಿ ಥ್ರೆಡ್ಡಿನ ಉದ್ದ 11ರಿಂದ 27 ಮಿ.ಮೀ. ಇರಬೇಕು, ತುದಿಗಳಲ್ಲಿ ಚೂಪು ಅಂಚು, ಬರ್ ಇರಬಾರದು ಅಂತ ಬರೆದಿದೆ. ಆದರೆ ಬರ್ ಹೋಯಿತು ಅಂತ ಹೇಗೆ ತಿಳಿಯುವುದು ಅನ್ನುವುದು ನನಗೆ ಸಿಕ್ಕಿದ್ದು ಕಾಕಾನ ಚೀಲದಲ್ಲಿ.

ಈಗ ನನ್ನ ತಪ್ಪಿನ ಕಥೆ.

ಅದೇ ಬೇಸಿಗೆ ಒಂದು ಹಳ್ಳಿಯಲ್ಲಿ ಹಿಟ್ಟಿನ ಗಿರಣಿಯ ಕೆಲಸ ಬಂತು. ಊರಿನ ಹೆಸರು ಬೇಡ. ಮೂರು ಫೇಸಿನ ಮೋಟಾರು, ಗೋಡೆಯ ಮೇಲೆ ಸ್ಟಾರ್ಟರ್, ಅಲ್ಲಿಂದ ಮೋಟಾರಿಗೆ ಕಬ್ಬಿಣದ ಪೈಪು. ಅಷ್ಟೊತ್ತಿಗೆ ಕಾಕಾ ನನ್ನನ್ನು ನಂಬಿದ್ದರು. ಸಂಜೆಯಾಗಿತ್ತು, ಕೊನೇ ಬಸ್ಸಿನ ಚಿಂತೆ. ಕೊನೆಯ ತುಂಡನ್ನು ನಾನೇ ಕೊಯ್ದೆ, ಥ್ರೆಡ್ ತೆಗೆದೆ, ಹೊರಗೆ ಫೈಲು ಹೊಡೆದು ಫಳಫಳ ಮಾಡಿದೆ. ಒಳಗೆ ಎರಡನೇ ಸಲ ಹೊಡೆಯಲಿಲ್ಲ. ಹತ್ತಿ ಹಾಕಲಿಲ್ಲ. ಬುಷ್ ಕೂಡ ಅರ್ಧ ತಿರುಗಿಸಿ ಬಿಟ್ಟೆ. "ಆತೇನು?" ಅಂದರು. "ಆತು ಕಾಕಾ" ಅಂದೆ. ತಂತಿ ಎಳೆದೆವು. ಕಾಕಾ ಮೆಗ್ಗರ್ ತಿರುಗಿಸಿ ನೋಡಿದರು, ಸರಿ ಇತ್ತು. ಬಸ್ಸೂ ಸಿಕ್ಕಿತು.

ದಸರಾ ಆದ ವಾರ ಅದೇ ಗಿರಣಿಯ ಮನೆಯ ಅವ್ವ ಅಂಗಳ ಸಾರಿಸಿ ಒದ್ದೆ ಕೈಯಲ್ಲಿ ಬಂದು ಆ ಪೈಪು ಹಿಡಿದರು. ಶಾಕ್ ಹೊಡೆದು ಹಿಂದಕ್ಕೆ ಬಿದ್ದು ಹಣೆ ಒಡೆಯಿತು. ಮೂರು ಹೊಲಿಗೆ. ಬಲಗೈ ಎರಡು ದಿನ ಜೋಮು. ಅಷ್ಟಕ್ಕೇ ಉಳಿದದ್ದು ಪುಣ್ಯ.

ಕಾಕಾ ಹೋಗಿ ಬಿಚ್ಚಿದರು. ಪೈಪಿನ ಬಾಯಿಂದ ಎರಡು ಬೆರಳು ಒಳಗೆ ಒಂದು ತಂತಿಯ ಮೇಲೆ ಉದ್ದಕ್ಕೆ ಗೀರು. ಎಳೆಯುವಾಗ ಬಿದ್ದದ್ದು. ಆವತ್ತು ಅದು ಪೂರ್ತಿ ಹರಿದಿರಲಿಲ್ಲ, ಅದಕ್ಕೇ ಮೆಗ್ಗರಿನಲ್ಲಿ ಕಾಣಲಿಲ್ಲ. ಗಿರಣಿ ದಿನವಿಡೀ ನಡುಗುತ್ತದೆ. ಆ ನಡುಕಕ್ಕೆ ಹಲ್ಲು ದಿನಾ ಸ್ವಲ್ಪ ಸ್ವಲ್ಪ ಕಡಿದು ಕೊನೆಗೆ ಲೋಹಕ್ಕೆ ಲೋಹ ತಾಗಿತು. ಅರ್ಥಿಂಗ್ ಸರಿ ಇದ್ದಿದ್ದರೆ ಕರೆಂಟು ನೆಲಕ್ಕೆ ಹೋಗಿ ಫ್ಯೂಜ್ ಹಾರುತ್ತಿತ್ತು. ಅರ್ಥಿನ ತಂತಿ ಕ್ಲಾಂಪಿನಲ್ಲಿ ಸಡಿಲಾಗಿತ್ತು. ಹಾಗಾಗಿ ಫ್ಯೂಜ್ ಸುಮ್ಮನಿತ್ತು, ಪೈಪು ಪೂರ್ತಿ ಲೈವ್. 30 ಮಿಲಿ ಆಂಪಿಯರಿಗೆ ಟ್ರಿಪ್ ಆಗುವ ಸ್ವಿಚ್ಚು ಈಗ ಮನೆಮನೆಗೂ ಬರುತ್ತಿದೆ, ಆಗ ನಮ್ಮ ಕಡೆ ಹಿಟ್ಟಿನ ಗಿರಣಿಯಲ್ಲಿ ಅದನ್ನು ನಾನು ಕಂಡಿರಲಿಲ್ಲ.

ಆ ರಾತ್ರಿ ಕಾಕಾ ನಮ್ಮ ಮನೆಗೆ ಬಂದರು. ನಾನು ಊಟಕ್ಕೆ ಕೂತಿದ್ದೆ. ಒಂದು ಗೇಣು ತಂತಿಯ ತುಂಡನ್ನು ತಟ್ಟೆಯ ಪಕ್ಕ ಇಟ್ಟರು.

"ಹೊರಗ ಛಲೋ ಉಜ್ಜಿದ್ದಿ" ಅಂದರು.

ನನಗೆ ತುತ್ತು ಇಳಿಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವರೇ, "ತಪ್ಪು ನಂದೂ ಐತಿ. ಆತೇನು ಅಂತ ಕೇಳಿದ್ನಿ, ನೋಡಲಿಲ್ಲ. ಅರ್ಥಿನ ಕ್ಲಾಂಪ್ ಬಿಗಿ ಮಾಡಿದಾಂವನೂ ನಾನ" ಅಂದರು. ಬೈಗುಳ ಏನೂ ಇಲ್ಲ. ಮರುದಿನ ನನ್ನನ್ನು ಆ ಹಳ್ಳಿಗೆ ಕರೆದುಕೊಂಡು ಹೋದರು. ಹೊಸ ಪೈಪು ನಾನೇ ಕೊಯ್ದೆ. ಹಣೆಗೆ ಪಟ್ಟಿ ಕಟ್ಟಿಕೊಂಡ ಆ ಅವ್ವ ನಮಗೆ ಚಹಾ ಮಾಡಿ ಕೊಟ್ಟರು. ಪೈಪು ಕೊಯ್ದದ್ದು ನಾನೇ ಅಂತ ಹೇಳಬೇಕು ಅಂತ ಹೋಗಿದ್ದೆ. ಹೇಳಲಾಗಲಿಲ್ಲ. ಇವತ್ತಿಗೂ ಹೇಳಿಲ್ಲ, ಈಗ ಅವರಿಲ್ಲ.

ನಾನು ಆ ಕಸುಬು ಹಿಡಿಯಲಿಲ್ಲ. ಓದಿ, ಬೆಂಗಳೂರು ಸೇರಿ, ಕುರ್ಚಿ ಮೇಲೆ ಕೂತು ಮಾಡುವ ಕೆಲಸ ಹಿಡಿದೆ. ಕಾಕಾ ತೀರಿಕೊಂಡು ಕೆಲವು ವರ್ಷಗಳಾದವು. ಮನೆಗಳಲ್ಲಿ ಈಗ ಕಬ್ಬಿಣದ ಪೈಪಿನ ಜಾಗಕ್ಕೆ ಪಿ.ವಿ.ಸಿ. ಬಂದಿದೆ. ಕಾರ್ಖಾನೆ, ಪಂಪ್‌ಹೌಸು, ಏಟು ಬೀಳುವ ಜಾಗಗಳಲ್ಲಿ ಇನ್ನೂ ಉಕ್ಕೇ. ತಂತಿಯೂ ಬದಲಾಗಿದೆ. ಮೊದಲಿನ ರಬ್ಬರು ಬಿಸಿಗೆ ಒಣಗಿ ಬಿಸ್ಕತ್ತಿನ ಹಾಗೆ ಪುಡಿಯಾಗುತ್ತಿತ್ತು, ಈಗಿನ ಪಿ.ವಿ.ಸಿ. ಹೊದಿಕೆ ಗಟ್ಟಿ. ಆದರೂ ಉಕ್ಕಿನ ಹಲ್ಲಿಗೆ ಅದೇನು ಲೆಕ್ಕ.

ಫಾಲ್ಸ್ ನೋಡಿಕೊಂಡು ಬರುವಾಗ ದಾರಿಯಲ್ಲಿ ಪರಿಚಯದವರ ವರ್ಕ್‌ಶಾಪಿನ ಮುಂದೆ ನಿಂತೆ. ಹೊಸ ಶೆಡ್ಡಿಗೆ ವೈರಿಂಗ್ ನಡೆದಿತ್ತು. ಒಬ್ಬ ಹುಡುಗ ಆಂಗಲ್ ಗ್ರೈಂಡರಿನಲ್ಲಿ ಜಿ.ಐ. ಪೈಪು ಕೊಯ್ಯುತ್ತಿದ್ದ. ಚಕ್ರದ ಗಾರ್ಡು ಇಲ್ಲ, ಕನ್ನಡಕ ಇಲ್ಲ, ಕಾಲಲ್ಲಿ ಹವಾಯಿ ಚಪ್ಪಲಿ. ಹೇಳಬಾರದು ಅಂದುಕೊಂಡೆ, ಹೇಳಿಯೇಬಿಟ್ಟೆ. ಮೊದಲು ಗಾರ್ಡು ಹಾಕಿಸಿದೆ. ಆಮೇಲೆ ಬಾಯಿಗೆ ಹತ್ತಿ ಹಾಕಿ ನೋಡು ಅಂದೆ. ಅವನು ನನ್ನ ಮುಖ ನೋಡಿ, "ಸರ್, ನೀವು ಕೆ.ಇ.ಬಿ.ಯವರೇನ್ರಿ?" ಅಂದ :-) ಹತ್ತಿ ಸಿಗಲಿಲ್ಲ. ಮೆಡಿಕಲ್ ಅಂಗಡಿಯಿಂದ ಸಣ್ಣ ಸುರುಳಿ ತಂದುಕೊಟ್ಟೆ. ಆಡಿಸಿದ. ಅರ್ಧ ಹತ್ತಿ ಪೈಪಿನಲ್ಲೇ ಉಳಿಯಿತು. "ಅಯ್ಯ!" ಅಂದ. ಗುಂಡು ಫೈಲು ಹುಡುಕಿ ತಂದು ಕೂತ. ಮೂರನೇ ಸಲಕ್ಕೆ ಎಳೆ ಸಿಗದೆ ಹೊರಗೆ ಬಂತು. ಆಮೇಲೆ ನನ್ನನ್ನು ಕೇಳದೆಯೇ ಇನ್ನೊಂದು ತುದಿಗೆ ಹೋದ.

ನಿಮ್ಮ ಮನೆಯಲ್ಲೂ ಹಳೇ ವಾಯರ್‌ಮನ್, ಫಿಟ್ಟರ್ ಕಾಕಾ-ಮಾವಂದಿರು ಇದ್ದರೆ ಒಂದು ಮಾತು ಕೇಳಿ ತಿಳಿಸಿ. ಈ ಬರ್‌ಗೆ ನಮ್ಮ ಕಾಕಾ ಹಲ್ಲು ಅನ್ನುತ್ತಿದ್ದರು. ಮೈಸೂರು ಕಡೆ, ಮಂಗಳೂರು ಕಡೆ, ಕೆ.ಜಿ.ಎಫ್. ಗಣಿಯಲ್ಲಿ ಕೆಲಸ ಮಾಡಿದವರ ಮನೆಗಳಲ್ಲಿ ಅದಕ್ಕೆ ಏನನ್ನುತ್ತಿದ್ದರು?